ನೋವು ಶುರುವಾಗುವ ಮೊದಲೇ ದೋಣಿ ತಲುಪಬೇಕು

ನನ್ನ ಕೈಯಲ್ಲಿರುವ ಈ ಪೊಟ್ಟಣವನ್ನು ಮುಂದಿನ ಸಾಲಿನಿಂದ ಹಿಂದಕ್ಕೆ ದಾಟಿಸುತ್ತಾ ಹೋಗಿ. ದೂರದ ಒಂದು ದ್ವೀಪಕ್ಕೆ ನಾವು ದೋಣಿಯಲ್ಲಿ ಕಳಿಸುವ ಹೆರಿಗೆ ಪೊಟ್ಟಣ ಇದು. ಬಿಚ್ಚಿ ನೋಡಿ, ಪರವಾಗಿಲ್ಲ, ತೋರಿಸುವುದಕ್ಕೆಂದೇ ತಂದಿದ್ದೇನೆ. ಒಳಗೆ ಮಡಚಿಟ್ಟ ಪ್ಲಾಸ್ಟಿಕ್ ಹಾಳೆ ಇದೆ. ಬಿಡಿಸಿದರೆ ಒಬ್ಬರು ಮಲಗುವಷ್ಟು ಅಗಲ ಆಗುತ್ತದೆ. ಒಂದು ಸಣ್ಣ ಸೋಪು. ಒಂದು ಜೊತೆ ಗ್ಲೌಸ್. ಕಾಗದದಲ್ಲಿ ಸುತ್ತಿದ ಹೊಸ ಬ್ಲೇಡು. ಎರಡು ತುಂಡು ದಾರ. ಮಗುವನ್ನು ಒರೆಸಿ ಸುತ್ತಿಕೊಳ್ಳಲು ಬಟ್ಟೆ. ಅಷ್ಟೇ. ದಾರ ಎರಡು ಯಾಕೆ ಅಂತ ಯಾರಾದರೂ ಒಬ್ಬರು ಕೇಳೇ ಕೇಳುತ್ತಾರೆ. ಹೊಕ್ಕುಳಬಳ್ಳಿಯನ್ನು ಎರಡು ಕಡೆ ಬಿಗಿಯಾಗಿ ಕಟ್ಟಿ ನಡುವೆ ಕತ್ತರಿಸಬೇಕು, ಅದಕ್ಕೆ.

ಇದನ್ನು ನೋಡಿದ ಕೆಲವರು ಇಷ್ಟೇನಾ ಅನ್ನುತ್ತಾರೆ. ಅವರಿಗೆ ನಾನು ಸೇಂಟ್ ಕಿಲ್ಡಾದ ಕಥೆ ಹೇಳುತ್ತೇನೆ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ, ಅಟ್ಲಾಂಟಿಕ್ ಸಾಗರದಲ್ಲಿರುವ ಪುಟ್ಟ ದ್ವೀಪಗಳ ಗುಂಪು ಅದು. ಈಗ ಅಲ್ಲಿ ಊರಿಲ್ಲ. ಕೊನೆಗೆ ಉಳಿದಿದ್ದ 36 ಜನ 1930ರ ಆಗಸ್ಟ್‌ನಲ್ಲಿ ತಾವಾಗಿಯೇ ಕೇಳಿಕೊಂಡು ದ್ವೀಪ ಬಿಟ್ಟು ಬಂದರು. ಅದಕ್ಕೂ ಮುಂಚೆ, 19ನೇ ಶತಮಾನದ ಬಹುಪಾಲು, ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೂಸುಗಳು ಬದುಕುತ್ತಿರಲಿಲ್ಲ. ಮಗು ಹುಟ್ಟುವಾಗ ಚೆನ್ನಾಗಿಯೇ ಇರುತ್ತಿತ್ತು. ನಾಲ್ಕೈದು ದಿನಕ್ಕೆ ಹಾಲು ಚೀಪುವುದನ್ನು ಬಿಡುತ್ತಿತ್ತು. ದವಡೆ ಕಚ್ಚಿಕೊಳ್ಳುತ್ತಿತ್ತು. ಎಂಟನೇ ದಿನದ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ಊರವರು ಅದನ್ನು ಎಂಟು ದಿನದ ಕಾಯಿಲೆ ಎಂದೇ ಕರೆಯುತ್ತಿದ್ದರು. ಅದು ಧನುರ್ವಾಯು. ಕತ್ತರಿಸಿದ ಹೊಕ್ಕುಳಬಳ್ಳಿಯಿಂದ ಒಳಗೆ ಹೋಗುವ ನಂಜು.

ಆಂಗಸ್ ಫಿಡೆಸ್ ಎನ್ನುವ ಪಾದ್ರಿ ಆ ದ್ವೀಪಕ್ಕೆ ಬಂದವರು, ಇದನ್ನು ಕಣ್ಣಾರೆ ನೋಡಿದವರು. ದೇವರ ಇಚ್ಛೆ ಎಂದು ಕೈಕಟ್ಟಿ ಕೂರಲಿಲ್ಲ. ಗ್ಲಾಸ್ಗೋಗೆ ಹೋಗಿ, ನಂಜು ತಗಲದಂತೆ ಹೆರಿಗೆ ಮಾಡಿಸುವುದು ಹೇಗೆ ಎಂದು ಕಲಿತು ಬಂದರು. ಕೈ ತೊಳೆಯುವುದು, ಹೊಕ್ಕುಳನ್ನು ಸ್ವಚ್ಛವಾಗಿ ಕತ್ತರಿಸಿ, ಕಟ್ಟಿ, ಔಷಧಿ ಹಚ್ಚುವುದು. ಸೂಲಗಿತ್ತಿಯರು ಒಪ್ಪಲು ಸಮಯ ಬೇಕಾಯಿತು. 1890ರ ದಶಕದ ಶುರುವಿನಲ್ಲಿ ಆ ಕಾಯಿಲೆ ದ್ವೀಪದಿಂದ ಹೋಯಿತು. ಹೊಸ ಆಸ್ಪತ್ರೆ ಬರಲಿಲ್ಲ, ಡಾಕ್ಟರು ಬಂದು ನೆಲೆಸಲಿಲ್ಲ. ಈಗ ನಿಮ್ಮ ಕೈಯಿಂದ ಕೈಗೆ ದಾಟುತ್ತಿರುವ ಪೊಟ್ಟಣದಲ್ಲಿ ಏನಿದೆಯೋ ಹೆಚ್ಚುಕಮ್ಮಿ ಅಷ್ಟೇ ಅಲ್ಲಿಗೆ ಹೋಗಿದ್ದು.

ಇದು ಹಳೆಯ ಕಾಲದ ಮಾತು ಎಂದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 1988ರಲ್ಲಿ ಜಗತ್ತಿನಲ್ಲಿ 7,87,000 ನವಜಾತ ಶಿಶುಗಳು ಧನುರ್ವಾಯುವಿನಿಂದ ಸತ್ತವು. 2018ರಲ್ಲಿ ಆ ಸಂಖ್ಯೆ ಸುಮಾರು 25,000ಕ್ಕೆ ಇಳಿದಿತ್ತು. ಬಸುರಿಯರಿಗೆ ಕೊಟ್ಟ ಲಸಿಕೆ ಮತ್ತು ಸ್ವಚ್ಛ ಹೆರಿಗೆ, ಇವೆರಡರಿಂದ ಆದ ಕೆಲಸ ಇದು. ಉಳಿದಿರುವ 25,000 ಮಕ್ಕಳು ಎಲ್ಲಿಯವರು ಅಂತ ಕೇಳಿದರೆ, ದಾರಿ ಮುಗಿದ ಮೇಲೆ ಇರುವ ಊರುಗಳವರು. ಗುಡ್ಡದ ಆಚೆಯವರು, ನೀರಿನ ಆಚೆಯವರು.

ನಮ್ಮ ಗುಂಪು ಚಿಕ್ಕದು. ಸಂಬಳ ತೆಗೆದುಕೊಳ್ಳುವವರು ಯಾರೂ ಇಲ್ಲ. ಎಲ್ಲರಿಗೂ ಬೇರೆ ಕೆಲಸ ಇದೆ. ನಾವು ಸಾಮಾನು ಕಳಿಸುವ ದ್ವೀಪಕ್ಕೆ ಹವಾಮಾನ ಚೆನ್ನಾಗಿದ್ದರೆ ದೋಣಿಯಲ್ಲಿ ಏಳೆಂಟು ಗಂಟೆ. ಚೆನ್ನಾಗಿಲ್ಲದಿದ್ದರೆ ಲೆಕ್ಕವೇ ಇಲ್ಲ, ವಾರಗಟ್ಟಲೆ ಯಾವ ದೋಣಿಯೂ ಹೊರಡುವುದಿಲ್ಲ. ಅಲ್ಲಿ ಒಂದು ಸಣ್ಣ ಆರೋಗ್ಯ ಕೇಂದ್ರ, ಒಬ್ಬರು ದಾದಿ, ಅವರ ಜೊತೆ ಒಬ್ಬ ಸಹಾಯಕಿ. ಆ ದಾದಿಯ ಹೆಸರು ನಾನು ಹೇಳುವುದಿಲ್ಲ, ಅವರಿಗೆ ಇಷ್ಟವಾಗುವುದಿಲ್ಲ. ಆದರೆ ಇವತ್ತು ನಾನು ಹೇಳುವುದರಲ್ಲಿ ಒಳ್ಳೆಯದು ಏನಿದ್ದರೂ ಅವರಿಂದ ಕಲಿತದ್ದು.

ಶುರುವಿನಲ್ಲಿ ನಾವು ಅಂದುಕೊಂಡಿದ್ದೇನು ಗೊತ್ತಾ? ಯಾರಿಗಾದರೂ ಕಷ್ಟ ಬಂದರೆ ಫೋನ್ ಬರುತ್ತದೆ, ನಾವು ಔಷಧಿ ಹೊತ್ತುಕೊಂಡು ಓಡುತ್ತೇವೆ ಎಂದು. ಆಗ ಆ ದಾದಿ ನಮ್ಮನ್ನು ಕೂರಿಸಿಕೊಂಡು ಒಂದು ಲೆಕ್ಕ ಹೇಳಿದರು. ಹೆರಿಗೆ ತಜ್ಞರು ಬಹಳ ವರ್ಷಗಳಿಂದ ಬಳಸುವ ಲೆಕ್ಕ ಅದು. ತೊಡಕು ಶುರುವಾದ ಮೇಲೆ ಚಿಕಿತ್ಸೆ ಸಿಗದೇ ಹೋದರೆ ತಾಯಿ ಸಾಯಲು ಸರಾಸರಿ ಎಷ್ಟು ಹೊತ್ತು? ಹೆರಿಗೆ ದಾರಿಯಲ್ಲೇ ಮಗು ಸಿಕ್ಕಿಕೊಂಡರೆ ಮೂರು ದಿನ. ಬಿ.ಪಿ. ಏರಿ ಫಿಟ್ಸ್ ಬಂದರೆ ಎರಡು ದಿನ. ನಂಜೇರಿದರೆ ಆರು ದಿನ. ಹೆರಿಗೆ ಆದ ಮೇಲೆ ರಕ್ತ ಹೋಗಲು ಶುರುವಾದರೆ ಎರಡು ಗಂಟೆ.

ಎರಡು ಗಂಟೆ. ನಮ್ಮ ದೋಣಿಗೆ ಏಳೆಂಟು.

ಆ ಹೊತ್ತಿನಲ್ಲಿ ನನಗೆ ಅನ್ನಿಸಿದ್ದು ಈಗಲೂ ನೆನಪಿದೆ. ನಾವು ಎಷ್ಟು ಬೇಗ ಓಡಿದರೂ ತಡವೇ. ಹಾಗಾದರೆ ನಮ್ಮ ಕೆಲಸ ಓಡುವುದಲ್ಲ. ಆ ಹೆಣ್ಣುಮಗಳಿಗೆ ನೋವು ಶುರುವಾಗುವ ದಿನ ಬೇಕಾದ್ದೆಲ್ಲ ಆ ಕೋಣೆಯ ಕಪಾಟಿನಲ್ಲಿ ಇರಬೇಕು, ಕೆಡದೆ ಇರಬೇಕು, ಸಾಕಷ್ಟು ಇರಬೇಕು. ಅಂದರೆ ನಮ್ಮ ಕೆಲಸದ ಮುಕ್ಕಾಲು ಪಾಲು ಎಣಿಸುವುದು, ಬರೆದಿಡುವುದು, ತಿಂಗಳುಗಳ ಮುಂಚೆ ಊಹಿಸುವುದು. ಸೇವೆ ಮಾಡಬೇಕು ಎಂದು ಬಂದ ಕೆಲವು ಹುಡುಗರಿಗೆ ಇದು ಸಪ್ಪೆ ಅನ್ನಿಸಿತು, ಬಿಟ್ಟು ಹೋದರು. ನನಗೇನೂ ಬೇಜಾರಿಲ್ಲ. ಆದರೆ ಉಳಿದವರಿಗೆ ಈ ಸಪ್ಪೆ ಕೆಲಸದ ಬೆಲೆ ಗೊತ್ತಾಗಿದೆ.

ಜಗತ್ತಿನಲ್ಲಿ 2023ರಲ್ಲಿ ಬಸುರಿ, ಹೆರಿಗೆ, ಬಾಣಂತನದ ತೊಡಕುಗಳಿಂದ ಸುಮಾರು 2,60,000 ಹೆಂಗಸರು ಸತ್ತರು. ದಿನಕ್ಕೆ 700ಕ್ಕಿಂತ ಜಾಸ್ತಿ ಆಯಿತು ಅಲ್ವಾ. ಇದರಲ್ಲಿ ದೊಡ್ಡ ಪಾಲು ರಕ್ತಸ್ರಾವದ್ದು. ಹಾಗಾಗಿ ಅದರ ಔಷಧಿಗಳ ಬಗ್ಗೆ ಸ್ವಲ್ಪ ಹೆಚ್ಚು ಮಾತಾಡುತ್ತೇನೆ. ನಿಮಗೆ ಇದು ಡಾಕ್ಟರರ ವಿಷಯ ಅನ್ನಿಸಬಹುದು. ಸಾಮಾನು ಕಳಿಸುವವರ ವಿಷಯವೂ ಹೌದು. ಯಾಕೆಂದರೆ ಒಂದೊಂದು ಔಷಧಿಗೆ ಒಂದೊಂದು ಶತ್ರು ಇದೆ, ಆ ಶತ್ರು ಸಿಗುವುದು ದಾರಿಯಲ್ಲಿ.

ಮಗು ಹುಟ್ಟಿದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಳ್ಳಬೇಕು. ಮುದುಡಿದರೆ ಒಳಗಿನ ರಕ್ತನಾಳಗಳ ಬಾಯಿ ಮುಚ್ಚುತ್ತದೆ. ಮುದುಡದೆ ಮೆತ್ತಗೆ ಉಳಿದರೆ ರಕ್ತ ಹರಿಯುತ್ತಲೇ ಇರುತ್ತದೆ. ಅದನ್ನು ಮುದುಡಿಸುವ ಮೊದಲ ಔಷಧಿ ಆಕ್ಸಿಟೋಸಿನ್. ಬಹಳ ಒಳ್ಳೆಯದು, ಅಗ್ಗದ್ದು ಕೂಡ. ಅದರ ಶತ್ರು ಶಾಖ. 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇಡಬೇಕು. ಬಿಸಿಲಲ್ಲಿ ಕೂತ ಆಂಪುಲ್, ಅಂದರೆ ಔಷಧಿ ತುಂಬಿದ ಪುಟ್ಟ ಗಾಜಿನ ಸೀಸೆ, ನೋಡಲು ಸ್ವಚ್ಛ ನೀರಿನಂತೆಯೇ ಇರುತ್ತದೆ. ಬಣ್ಣ ಬದಲಾಗುವುದಿಲ್ಲ, ವಾಸನೆ ಬರುವುದಿಲ್ಲ. ಶಕ್ತಿ ಮಾತ್ರ ಕಡಿಮೆಯಾಗಿರುತ್ತದೆ. ದಾದಿ ನಂಬಿ ಚುಚ್ಚುತ್ತಾರೆ, ರಕ್ತ ನಿಲ್ಲುವುದಿಲ್ಲ. ಇದಕ್ಕಿಂತ ಭಯದ ವಿಷಯ ನನಗೆ ಬೇರೆ ಇಲ್ಲ.

ಎರಡನೆಯದು ಮಿಸೊಪ್ರೊಸ್ಟಾಲ್ ಮಾತ್ರೆ. ಇದಕ್ಕೆ ಫ್ರಿಜ್ ಬೇಡ, ಸಿರಿಂಜ್ ಬೇಡ. ಇಂಜೆಕ್ಷನ್ ಕೊಡಲು ಆಗದ ಕಡೆ ದೊಡ್ಡ ಆಸರೆ. ಇದರ ಶತ್ರು ತೇವ. ದ್ವೀಪದಲ್ಲಿ ತೇವಕ್ಕೇನು ಬರಗಾಲವೇ! ಇಲ್ಲಿ ನಾವು ಮಾಡಿದ ತಪ್ಪೊಂದನ್ನು ಹೇಳಲೇಬೇಕು. 200 ಮೈಕ್ರೊಗ್ರಾಮಿನ ಮೂರು ಮಾತ್ರೆ ಸೇರಿದರೆ ಒಂದು ಡೋಸ್. ನಮಗೆ ಬಂದಿದ್ದು ದೊಡ್ಡ ಸ್ಟ್ರಿಪ್‌ಗಳು. ಒಂದೊಂದು ಹೆರಿಗೆ ಪೊಟ್ಟಣದಲ್ಲಿ ಮೂರು ಮೂರು ಮಾತ್ರೆ ಇಟ್ಟರೆ ದಾದಿಗೆ ಸುಲಭ ಅಂತ ನಾವು ಒಂದು ಸಂಜೆ ಕೂತು ಕತ್ತರಿಯಿಂದ ಸ್ಟ್ರಿಪ್ ಕತ್ತರಿಸಿದೆವು. ಅಚ್ಚುಕಟ್ಟಾಗಿ ಕತ್ತರಿಸಿದ್ದೇವೆ ಅಂತ ಖುಷಿಯೂ ಆಯಿತು. ಎರಡು ತಿಂಗಳ ಮೇಲೆ ದಾದಿ ಒಂದು ಫೋಟೋ ಕಳಿಸಿದರು. ಅಂಗೈ ಮೇಲೆ ಒಂದು ಮಾತ್ರೆ, ಅಂಚು ಉದುರಿ ಹಿಟ್ಟಾಗಿದೆ. ಕತ್ತರಿ ಕೆಲವು ಕಡೆ ಗುಳಿಯ ಅಂಚಿಗೇ ತಾಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬಿಟ್ಟಿತ್ತು. ಆ ಬಿರುಕಿನಿಂದ ಗಾಳಿ ಹೋಗಿದೆ, ಗಾಳಿಯ ಜೊತೆ ತೇವ. ಯಾವುದು ಸರಿ ಇದೆ, ಯಾವುದು ಇಲ್ಲ ಎಂದು ಹೇಳಲು ಆಗುವುದಿಲ್ಲ. ಕತ್ತರಿಸಿದ್ದನ್ನೆಲ್ಲ ಬಿಸಾಡಬೇಕಾಯಿತು. ಅವತ್ತಿನಿಂದ ನಾವು ಎರಡೂ ಕಡೆ ಅಲ್ಯುಮಿನಿಯಂ ಹಾಳೆ ಇರುವ ಪ್ಯಾಕನ್ನು ಮಾತ್ರ ತರಿಸುತ್ತೇವೆ, ಕತ್ತರಿಯನ್ನು ಅದರ ಹತ್ತಿರ ಬಿಡುವುದಿಲ್ಲ. ಒಂದು ಪಾರದರ್ಶಕ ಪ್ಲಾಸ್ಟಿಕ್, ಒಂದು ಕಡೆ ಮಾತ್ರ ಅಲ್ಯುಮಿನಿಯಂ ಇರುವ ಪ್ಯಾಕ್ ಸಾಲದು. ತೇವ ಅದನ್ನು ದಾಟುತ್ತದೆ.

ಈ ಮಾತ್ರೆಯ ಬಗ್ಗೆ ಇನ್ನೊಂದು ಮಾತು. ಇದನ್ನು ಮಗು ಹುಟ್ಟುವ ಮೊದಲು ಈ ಪ್ರಮಾಣದಲ್ಲಿ ಕೊಟ್ಟರೆ ಗರ್ಭಕೋಶವೇ ಹರಿಯಬಹುದು. ಮಗು ಹೊರಗೆ ಬಂದು, ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲ ಎಂದು ಕೈಯಿಟ್ಟು ನೋಡಿದ ಮೇಲೆಯೇ ಕೊಡಬೇಕು. ಹಾಗಾಗಿ ಸುಮ್ನೆ ಮಾತ್ರೆ ಕಳಿಸಿದರೆ ಕೆಲಸ ಮುಗಿಯಲಿಲ್ಲ. ಓದಲು ಬಾರದವರಿಗೂ ಅರ್ಥವಾಗುವಂಥ ಚಿತ್ರದ ಹಾಳೆ ಜೊತೆಗಿರಬೇಕು, ಬಳಸುವವರು ಯಾರು ಎಂದು ಗೊತ್ತಿರಬೇಕು.

ಮೂರನೆಯದು ಶಾಖ ತಡೆದುಕೊಳ್ಳುವ ಕಾರ್ಬೆಟೋಸಿನ್. 2018ರಲ್ಲಿ ಇದರ ದೊಡ್ಡ ಅಧ್ಯಯನ ಹೊರಬಂತು. 10 ದೇಶಗಳ ಸುಮಾರು 30,000 ಹೆಂಗಸರ ಮೇಲೆ ನಡೆದದ್ದು. ರಕ್ತಸ್ರಾವ ತಡೆಯುವುದರಲ್ಲಿ ಆಕ್ಸಿಟೋಸಿನ್‌ಗೆ ಕಡಿಮೆ ಇಲ್ಲ ಎಂದು ತೋರಿತು. ಇದನ್ನು 30 ಡಿಗ್ರಿಯಲ್ಲಿ ವರ್ಷಗಟ್ಟಲೆ ಇಡಬಹುದು. ದ್ವೀಪದವರಿಗೆ ಇದೆಷ್ಟು ದೊಡ್ಡ ಮಾತು ಅಂತ ನಿಮಗೇ ಗೊತ್ತಾಗುತ್ತದೆ. ಆದರೆ ಇದು ತಡೆಯುವುದಕ್ಕೆ, ಶುರುವಾದ ರಕ್ತಸ್ರಾವದ ಚಿಕಿತ್ಸೆಗೆ ಇದನ್ನು ಹೇಳಿಲ್ಲ. ನೋವು ಬರಿಸಲು ಬಳಸಲೇಬಾರದು. ಆದ್ದರಿಂದ ಫ್ರಿಜ್‌ನಲ್ಲಿರುವ ಆಕ್ಸಿಟೋಸಿನ್‌ನ ಕೆಲಸ ಪೂರ್ತಿ ತಪ್ಪಿಲ್ಲ.

ನಾಲ್ಕನೆಯದು ಟ್ರಾನೆಕ್ಸಾಮಿಕ್ ಆಮ್ಲ, ಕಟ್ಟಿದ ರಕ್ತದ ಹೆಪ್ಪು ಕರಗದಂತೆ ತಡೆಯುವ ಔಷಧಿ. ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಕ್ಷಮಿಸಿ, ಈ ಕಥೆ ಹೇಳದೆ ಇರಲು ನನಗೆ ಆಗುವುದಿಲ್ಲ. ಇದನ್ನು ಕಂಡುಹಿಡಿದವರು ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಪತಿ ಶೊಸುಕೆ ಒಕಾಮೊಟೊ. 1960ರ ದಶಕದ ಶುರುವಿನಲ್ಲಿ. ಹೆರಿಗೆ ಆದ ಮೇಲೆ ರಕ್ತ ಹೋಗಿ ಸಾಯುವ ತಾಯಂದಿರನ್ನು ಉಳಿಸಬೇಕು ಎಂಬುದೇ ಉಟಾಕೊ ಅವರ ಆಸೆ. ಆದರೆ ಅದಕ್ಕೆಂದೇ ದೊಡ್ಡ ಪರೀಕ್ಷೆ ನಡೆಸಲು ಆಗ ಯಾರೂ ಮುಂದೆ ಬರಲಿಲ್ಲ. ಔಷಧಿ ಬೇರೆ ಬೇರೆ ಕೆಲಸಕ್ಕೆ ಬಳಕೆಯಾಯಿತು, ಈ ಕೆಲಸಕ್ಕೆ ಮಾತ್ರ ಸಾಕ್ಷಿ ಸಿಗಲಿಲ್ಲ. ಕೊನೆಗೆ 21 ದೇಶಗಳಲ್ಲಿ 20,000 ಹೆಂಗಸರನ್ನು ಸೇರಿಸಿಕೊಂಡು ಪರೀಕ್ಷೆ ನಡೆಯಿತು. ರಕ್ತಸ್ರಾವ ಶುರುವಾದ ಮೂರು ಗಂಟೆಯೊಳಗೆ ಕೊಟ್ಟರೆ ರಕ್ತ ಹೋಗಿ ಸಾಯುವವರ ಸಂಖ್ಯೆ ಸುಮಾರು ಮೂರನೇ ಒಂದು ಭಾಗ ಇಳಿಯಿತು. ಫಲಿತಾಂಶ ಪ್ರಕಟವಾದದ್ದು 2017ರ ಏಪ್ರಿಲ್‌ನಲ್ಲಿ. ಉಟಾಕೊ ತೀರಿಕೊಂಡದ್ದು 2016ರ ಏಪ್ರಿಲ್‌ನಲ್ಲಿ, 98 ವರ್ಷಕ್ಕೆ. ಒಂದೇ ಒಂದು ವರ್ಷ. ಪೆಟ್ಟಿಗೆಯಲ್ಲಿ ಆ ಆಂಪುಲ್‌ಗಳನ್ನು ಜೋಡಿಸುವಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ಈ ಔಷಧಿಯಲ್ಲೂ ಹೊತ್ತಿನ ಮಾತೇ ನೋಡಿ. ಮೂರು ಗಂಟೆ ದಾಟಿದ ಮೇಲೆ ಕೊಟ್ಟರೆ ಉಪಯೋಗ ಕಾಣಲಿಲ್ಲ. ದೋಣಿಯಲ್ಲಿ ಇದ್ದರೆ ಏನು ಬಂತು? ಕಪಾಟಿನಲ್ಲಿ ಇರಬೇಕು.

ಇಷ್ಟೆಲ್ಲ ಇದ್ದರೂ ರಕ್ತ ಜಾಸ್ತಿ ಹೋಗುತ್ತಿದೆ ಅಂತ ಗೊತ್ತಾಗಬೇಕಲ್ಲ. ಬಟ್ಟೆ ಮೇಲೆ, ನೆಲದ ಮೇಲೆ ಹರಡಿದ ರಕ್ತವನ್ನು ಕಣ್ಣಳತೆಯಲ್ಲಿ ಹೇಳುವುದು ಅನುಭವ ಇರುವವರಿಗೂ ಕಷ್ಟ. ಇಗೋ ಇದು, ಕೆಳಗಡೆ ಚೀಲ ಇರುವ ಪ್ಲಾಸ್ಟಿಕ್ ಹಾಳೆ. ಹೆರಿಗೆಯಾದ ತಕ್ಷಣ ತಾಯಿಯ ಕೆಳಗೆ ಹಾಸುತ್ತಾರೆ. ರಕ್ತ ಚೀಲಕ್ಕೆ ಇಳಿಯುತ್ತದೆ. ಚೀಲದ ಮೇಲೆ ಗೆರೆಗಳಿವೆ. 500 ಮಿ.ಲೀ. ಗೆರೆ ಮುಟ್ಟಿತು ಅಂದರೆ ಕಾಯಬಾರದು. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾ ದೇಶಗಳ 80 ಆಸ್ಪತ್ರೆಗಳಲ್ಲಿ 2,00,000ಕ್ಕೂ ಹೆಚ್ಚು ಹೆರಿಗೆಗಳಲ್ಲಿ ಇದನ್ನು ನೋಡಿದರು. ಈ ಹಾಳೆಯಿಂದ ಅಳೆದು, ಗೊತ್ತಾದ ಕೂಡಲೇ ಹೊಟ್ಟೆ ನೀವುವುದು, ಔಷಧಿಗಳು, ಡ್ರಿಪ್, ಪರೀಕ್ಷೆ ಎಲ್ಲವನ್ನೂ ಒಂದರ ಹಿಂದೆ ಒಂದು ಕಾಯದೆ ಒಟ್ಟಿಗೇ ಮಾಡಿದರೆ, ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಆಪರೇಷನ್, ಸಾವು 60% ಕಡಿಮೆಯಾಯಿತು. 2023ರ ಫಲಿತಾಂಶ ಇದು. ಇದರಲ್ಲಿ ಹೊಸ ಔಷಧಿ ಒಂದೂ ಇಲ್ಲ. ಗೆರೆ ಇರುವ ಚೀಲ, ಮತ್ತು ತಡ ಮಾಡದ ಕೈ.

ಫಿಟ್ಸ್ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಬಸುರಿಯಲ್ಲಿ ಬಿ.ಪಿ. ಏರಿ ಬರುವ ಫಿಟ್ಸ್‌ಗೆ ಮ್ಯಾಗ್ನೀಸಿಯಂ ಸಲ್ಫೇಟ್ ಕೊಡುತ್ತಾರೆ. 2002ರಲ್ಲಿ 33 ದೇಶಗಳ 10,000 ಹೆಂಗಸರ ಅಧ್ಯಯನದಲ್ಲಿ ಫಿಟ್ಸ್ ಬರುವ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ ಇಳಿದದ್ದು ಗೊತ್ತಾಯಿತು. ಅಗ್ಗದ ಉಪ್ಪು ಅದು. ಆದರೆ ಹೆಚ್ಚಾದರೆ ಉಸಿರಾಟ ನಿಲ್ಲಬಹುದು, ಅದಕ್ಕೆ ಪ್ರತಿಮದ್ದು ಕ್ಯಾಲ್ಸಿಯಂ ಗ್ಲುಕೋನೇಟ್. ಒಂದನ್ನು ಕಳಿಸಿ ಇನ್ನೊಂದನ್ನು ಮರೆತರೆ ದಾದಿ ಮೊದಲನೆಯದನ್ನು ಧೈರ್ಯವಾಗಿ ಬಳಸಲು ಆಗುವುದಿಲ್ಲ. ಹಾಗಾಗಿ ನಮ್ಮಲ್ಲಿ ಇವೆರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿ ಟೇಪ್ ಸುತ್ತುತ್ತೇವೆ. ಬಿ.ಪಿ. ನೋಡುವ ಯಂತ್ರ ಇಲ್ಲದಿದ್ದರೆ ಇವೆರಡೂ ಇದ್ದು ಉಪಯೋಗವಿಲ್ಲ ಎನ್ನುವುದನ್ನೂ ಸೇರಿಸಿಕೊಳ್ಳಿ. ಅದಕ್ಕೆ ಬ್ಯಾಟರಿ ಬೇಕು, ತೋಳಿನ ಪಟ್ಟಿ ಹರಿದರೆ ಇನ್ನೊಂದು ಬೇಕು.

ಈಗ ದಾನದ ವಿಷಯ. ಇದನ್ನು ಹೇಳುವಾಗ ಯಾರ ಮನಸ್ಸನ್ನೂ ನೋಯಿಸುವ ಉದ್ದೇಶ ನನಗಿಲ್ಲ, ಕೊಡುವವರು ಪ್ರೀತಿಯಿಂದಲೇ ಕೊಡುತ್ತಾರೆ. ನಮ್ಮ ಮೊದಲ ವರ್ಷದಲ್ಲಿ ಒಂದು ಆಸ್ಪತ್ರೆಯವರು ನವಜಾತ ಶಿಶುವಿಗೆ ಮೇಲಿನಿಂದ ಶಾಖ ಕೊಡುವ ಯಂತ್ರ ಕೊಟ್ಟರು. ಕೆಲಸ ಮಾಡುತ್ತಿತ್ತು, ನೋಡಲೂ ಚೆನ್ನಾಗಿತ್ತು. ದೋಣಿಯ ಅರ್ಧ ಜಾಗ ಅದಕ್ಕೇ ಹೋಯಿತು, ಅದರಿಂದಾಗಿ ಎರಡು ಪೆಟ್ಟಿಗೆ ಪೊಟ್ಟಣಗಳನ್ನು ದಡದಲ್ಲೇ ಬಿಟ್ಟೆವು. ದ್ವೀಪಕ್ಕೆ ಹೋಗಿ ನೋಡಿದರೆ ಅಲ್ಲಿನ ಸೋಲಾರ್ ಬ್ಯಾಟರಿಗೆ ಆ ಯಂತ್ರವನ್ನು ಸ್ವಲ್ಪ ಹೊತ್ತೂ ನಡೆಸುವ ಶಕ್ತಿ ಇಲ್ಲ. ದಾದಿ ಏನೂ ಅನ್ನಲಿಲ್ಲ. ಅವತ್ತು ಬೆಳಿಗ್ಗೆ ಅಲ್ಲಿ ತೂಕ ಕಡಿಮೆ ಇರುವ ಒಂದು ಕೂಸು ಹುಟ್ಟಿತ್ತು. ಅದನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಮಲಗಿಸಿ, ಮೇಲೆ ಬಟ್ಟೆ ಸುತ್ತಿ, ತಲೆಗೊಂದು ಟೋಪಿ ಹಾಕಿದ್ದರು. ಟೋಪಿಯ ಅಂಚು ಕಣ್ಣಿನ ಮೇಲೆ ಇಳಿದಿತ್ತು, ತಾಯಿ ಒಂದು ಬೆರಳಿನಿಂದ ಅದನ್ನು ಮೆಲ್ಲಗೆ ಮೇಲೆ ಸರಿಸುತ್ತಿದ್ದಳು. ಕಾಂಗರೂ ಆರೈಕೆ ಎನ್ನುತ್ತಾರಲ್ಲ, ಅದು. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಎಡ್ಗರ್ ರೇ ಎನ್ನುವ ಡಾಕ್ಟರು ಇನ್‌ಕ್ಯುಬೇಟರ್‌ಗಳು ಸಾಲದೆ ಶುರು ಮಾಡಿದ್ದು. ದಾದಿ ನನಗೆ ಹೇಳಿದ್ದು ಇಷ್ಟೇ: ಮುಂದಿನ ಸಲ ಟೋಪಿಗಳು ತನ್ನಿ.

ಕಡಿಮೆ ಸೌಲಭ್ಯದ ದೇಶಗಳ ಆಸ್ಪತ್ರೆಗಳಲ್ಲಿ ಎಣಿಸಿದಾಗ ವೈದ್ಯಕೀಯ ಯಂತ್ರಗಳಲ್ಲಿ ಸುಮಾರು 40% ಕೆಲಸ ಮಾಡದೆ ಕೂತಿದ್ದವು ಎಂದು 2011ರ ಒಂದು ಅಧ್ಯಯನ ಹೇಳಿತು. ಔಷಧಿಗಳ ದಾನದಲ್ಲೂ ಹಾಗೇ. 2004ರ ಸುನಾಮಿ ಆದಮೇಲೆ ಇಂಡೋನೇಷ್ಯಾದ ಅಚೆ ಎನ್ನುವ ಪ್ರಾಂತ್ಯಕ್ಕೆ ಸುಮಾರು 4,000 ಟನ್ ಔಷಧಿ ಬಂದು ಬಿತ್ತು. ಅದರಲ್ಲಿ ಹೆಚ್ಚಿನವು ಆ ದೇಶದ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಇರಲಿಲ್ಲ. ಹೆಚ್ಚಿನವುಗಳ ಚೀಟಿ ಅಲ್ಲಿನವರು ಓದಲಾಗದ ಭಾಷೆಯಲ್ಲಿತ್ತು. ಕೊನೆಗೆ ನೂರಾರು ಟನ್ ನಾಶ ಮಾಡಬೇಕಾಯಿತು, ಅದಕ್ಕೂ ಖರ್ಚು ಅವರದೇ ತಲೆಗೆ. ವಿಶ್ವ ಆರೋಗ್ಯ ಸಂಸ್ಥೆಯ ನಿಯಮ ಸರಳವಾಗಿದೆ. ಪಡೆಯುವವರು ಕೇಳಿದ್ದನ್ನು ಕೊಡಿ, ತಲುಪುವಾಗ ಕನಿಷ್ಠ ಒಂದು ವರ್ಷದ ಬಾಳಿಕೆ ಉಳಿದಿರಲಿ, ಅವರಿಗೆ ಓದಲು ಬರುವ ಭಾಷೆಯಲ್ಲಿ ಚೀಟಿ ಇರಲಿ. ಹಾಲಿನ ಪುಡಿಯ ಡಬ್ಬಿಗಳನ್ನು ಕೊಡಲು ಬಂದವರಿಗೂ ನಾವು ಕೈಮುಗಿದು ಬೇಡ ಎಂದಿದ್ದೇವೆ. ಶುದ್ಧ ನೀರು ನಂಬಲಾಗದ ಕಡೆ ಬಾಟಲಿ ಹಾಲು ಮಗುವಿಗೆ ಭೇದಿ ತರುತ್ತದೆ, ತಾಯಿಯ ಹಾಲು ಬತ್ತುತ್ತದೆ. ಪುಡಿ ಮುಗಿದ ದಿನ ದೋಣಿ ಬರದಿದ್ದರೆ? ಯೋಚನೆ ಮಾಡಿ.

ಹಾಗಾದರೆ ಎಷ್ಟು ಕಳಿಸಬೇಕು ಅಂತ ಗೊತ್ತಾಗುವುದು ಹೇಗೆ? ಒಂದು ದ್ವೀಪದಲ್ಲಿ 2,000 ಜನ ಇದ್ದಾರೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಸಾವಿರಕ್ಕೆ 20ರಂತೆ ಹೆರಿಗೆ ಆದರೆ 40 ಹೆರಿಗೆ. ಪೊಟ್ಟಣ 40. ಗರ್ಭಕೋಶ ಮುದುಡಿಸುವ ಔಷಧಿ ಪ್ರತಿ ಹೆರಿಗೆಗೂ ಬೇಕು, ಅದೂ 40. ನೂರಕ್ಕೆ ಸುಮಾರು 15 ಬಸುರಿಯರಿಗೆ ಒಂದಲ್ಲ ಒಂದು ತೊಡಕು ಬರುತ್ತದೆ ಎನ್ನುವುದು ಸಾಮಾನ್ಯವಾಗಿ ಹಿಡಿಯುವ ಲೆಕ್ಕ, ಅಂದರೆ ಇಲ್ಲಿ ಆರು. ಆದರೆ ಇಷ್ಟು ಸಣ್ಣ ಸಂಖ್ಯೆಯಲ್ಲಿ ಸರಾಸರಿ ನಂಬುವಂತಿಲ್ಲ, ಒಂದು ವರ್ಷ ಎರಡು ಇರಬಹುದು, ಇನ್ನೊಂದು ವರ್ಷ ಒಂದೇ ತಿಂಗಳಲ್ಲಿ ನಾಲ್ಕು ಬರಬಹುದು, ದೊಡ್ಡ ಆಸ್ಪತ್ರೆಯಲ್ಲಾದರೆ ಪಕ್ಕದ ವಾರ್ಡಿನಿಂದ ತರಬಹುದು, ಇಲ್ಲಿ ಪಕ್ಕದಲ್ಲಿರುವುದು ಸಮುದ್ರ. ಹಾಗಾಗಿ ಅಪರೂಪಕ್ಕೆ ಬೇಕಾಗುವ ಔಷಧಿಗಳನ್ನೇ ನಾವು ಲೆಕ್ಕಕ್ಕಿಂತ ಹೆಚ್ಚು ಇಡುತ್ತೇವೆ. ಕೆಲವು ಬಳಸದೆ ದಿನಾಂಕ ಮುಗಿಯುತ್ತವೆ. ದುಡ್ಡು ಕೊಡುವವರು ಇದನ್ನು ದಂಡ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಬೆಂಕಿ ಬೀಳದ ವರ್ಷ ಬೆಂಕಿ ಆರಿಸುವ ಸಿಲಿಂಡರ್ ದಂಡವಾಯಿತು ಎಂದು ಯಾರಾದರೂ ಹೇಳುತ್ತಾರಾ?

ಈ ಅಂದಾಜು ಶುರು ಮಾಡಲು ಮಾತ್ರ. ನಿಜವಾದ ಲೆಕ್ಕ ದಾದಿಯ ನೋಟ್‌ಬುಕ್‌ನಲ್ಲಿದೆ. ಎಷ್ಟು ಬಸುರಿಯರು, ಯಾರಿಗೆ ಯಾವ ತಿಂಗಳು ದಿನ ತುಂಬುತ್ತದೆ, ಯಾರಿಗೆ ಚೊಚ್ಚಲು, ಯಾರಿಗೆ ಹೋದ ಸಲ ರಕ್ತ ಜಾಸ್ತಿ ಹೋಗಿತ್ತು. ಅದರಿಂದ ಅವರು ನಮಗೆ ಹೆಸರಿಲ್ಲದ ಒಂದು ಪಟ್ಟಿ ಮಾಡಿ ಕಳಿಸುತ್ತಾರೆ. ಮೂರೇ ಕಾಲಮ್: ಬಳಸಿದ್ದು, ಉಳಿದದ್ದು, ಬೇಡವಾದದ್ದು. ಮೂರನೇ ಕಾಲಮ್ ಅವರೇ ಸೇರಿಸಿದ್ದು. ಅದನ್ನು ತುಂಬಲು ಅವರಿಗೆ ಎರಡು ವರ್ಷ ಹಿಡಿಯಿತು. ಕೊಡುವವರ ಮುಂದೆ ಬೇಡ ಅನ್ನುವುದು ಪಡೆಯುವವರಿಗೆ ಎಷ್ಟು ಕಷ್ಟ ಎನ್ನುವುದು ಆಮೇಲೆ ನನಗೆ ಅರ್ಥವಾಯಿತು.

ಪ್ಯಾಕಿಂಗ್ ಬಗ್ಗೆ ಕೇಳಿದ್ದೀರಿ. ಒಂದೊಂದು ಪೊಟ್ಟಣ ಪ್ಲಾಸ್ಟಿಕ್ ಚೀಲದಲ್ಲಿ, ಹತ್ತು ಪೊಟ್ಟಣ ಇನ್ನೊಂದು ಚೀಲದಲ್ಲಿ, ಅವೆಲ್ಲ ಮುಚ್ಚಳ ತಿರುಗಿಸುವ ಡ್ರಮ್ಮಿನಲ್ಲಿ. ರಟ್ಟಿನ ಪೆಟ್ಟಿಗೆ ಒಂದೇ ಅಲೆಗೆ ಮೆತ್ತಗಾಗುತ್ತದೆ. ಒಬ್ಬರೇ ಎತ್ತಿ ನೀರಿನಲ್ಲಿ ನಡೆದು ದಡಕ್ಕೆ ಒಯ್ಯುವಷ್ಟೇ ತೂಕ ಇರಬೇಕು, ಅಲ್ಲಿ ದೋಣಿ ನಿಲ್ಲಿಸಲು ಕಟ್ಟೆ ಇಲ್ಲ. ಒಂದೇ ಬಗೆಯ ಔಷಧಿಯನ್ನೆಲ್ಲ ಒಂದೇ ಡ್ರಮ್ಮಿಗೆ ತುಂಬುವುದಿಲ್ಲ, ಒಂದು ಡ್ರಮ್ ನೀರಿಗೆ ಹೋದರೂ ಉಳಿದದ್ದರಲ್ಲಿ ಎಲ್ಲವೂ ಸ್ವಲ್ಪ ಸ್ವಲ್ಪ ಇರಬೇಕು.

ತಣ್ಣಗೆ ಇಡುವ ಪೆಟ್ಟಿಗೆಯದು ಬೇರೆಯೇ ಪಾಠ. ಶಾಖಕ್ಕೆ ಎಲ್ಲರೂ ಹೆದರುತ್ತಾರೆ, ಅತಿ ತಣ್ಣಗಾಗುವುದಕ್ಕೆ ಯಾರೂ ಹೆದರುವುದಿಲ್ಲ. ಬಸುರಿಯರಿಗೆ ಕೊಡುವ ಧನುರ್ವಾಯು ಲಸಿಕೆ ಹೆಪ್ಪುಗಟ್ಟಿದರೆ ಹಾಳು. ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ನೇರವಾಗಿ ಪೆಟ್ಟಿಗೆಗೆ ಹಾಕಿದರೆ ಅದೇ ಆಗುವುದು. ಹೊರಗಿಟ್ಟು ಕಾಯಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಒಳಗೆ ನೀರು ಕುಲುಕುವ ಸದ್ದು ಬಂದ ಮೇಲೆ ಹಾಕಬೇಕು. ನಮ್ಮಲ್ಲಿ ಬೆಳಗಿನ ಜಾವ ನಾಲ್ಕು ಗಂಟೆಗೆ ಒಬ್ಬೊಬ್ಬರು ಒಂದೊಂದು ಐಸ್‌ಪ್ಯಾಕ್ ಕಿವಿಗೆ ಹಿಡಿದು ನಿಂತಿರುತ್ತೇವೆ. ದೋಣಿಯವರು ಬೇಗ ಬೇಗ ಎಂದು ಕೂಗುತ್ತಿರುತ್ತಾರೆ. ಸದ್ದು ಬರುವ ತನಕ ಪೆಟ್ಟಿಗೆ ಮುಚ್ಚುವುದಿಲ್ಲ.

ಬೆಳಕಿನ ವಿಷಯ ಮರೆತಿದ್ದೆ. ಹೆರಿಗೆ ಹಗಲು ನೋಡಿ ಬರುವುದಿಲ್ಲ. 2008ರಲ್ಲಿ ಉತ್ತರ ನೈಜೀರಿಯಾದ ಆಸ್ಪತ್ರೆಯೊಂದರಲ್ಲಿ ಕರೆಂಟಿಲ್ಲದೆ ಹೆರಿಗೆಗಳು ತೊಡಕಾಗುವುದನ್ನು ನೋಡಿದ ಲಾರಾ ಸ್ಟೇಚೆಲ್ ಎನ್ನುವ ಹೆರಿಗೆ ತಜ್ಞೆ, ತಮ್ಮ ಪತಿಯ ಜೊತೆ ಸೇರಿ ಸೂಟ್‌ಕೇಸಿನಲ್ಲಿ ಹಿಡಿಯುವ ಸೋಲಾರ್ ಘಟಕ ಮಾಡಿದರು. ದೀಪ, ಫೋನ್ ಚಾರ್ಜರ್, ಮಗುವಿನ ಹೃದಯ ಬಡಿತ ಕೇಳುವ ಸಣ್ಣ ಡಾಪ್ಲರ್. ಇವತ್ತು ಬಹಳ ದೇಶಗಳಲ್ಲಿ ಅದು ಬಳಕೆಯಲ್ಲಿದೆ. ನಾವು ಕಳಿಸಿದ ಸಾಮಾನುಗಳಲ್ಲಿ ದಾದಿ ಅತಿ ಹೆಚ್ಚು ಸಲ ಥ್ಯಾಂಕ್ಸ್ ಹೇಳಿದ್ದು ಹಣೆಗೆ ಕಟ್ಟಿಕೊಳ್ಳುವ ದೀಪಕ್ಕೆ. ಎರಡೂ ಕೈ ಖಾಲಿ ಇರುತ್ತವೆ, ಅದಕ್ಕೆ.

ಡ್ರೋನ್ ಬಳಸಬಹುದಲ್ಲ ಎಂದು ಹಿಂದಿನ ಸಾಲಿನಲ್ಲಿ ಒಬ್ಬರು ಕೇಳಿದರು. ಒಳ್ಳೆ ಪ್ರಶ್ನೆ. 2018ರ ಡಿಸೆಂಬರ್‌ನಲ್ಲಿ ಪೆಸಿಫಿಕ್‌ನ ವನುವಾಟು ದೇಶದ ಎರೊಮಾಂಗೊ ದ್ವೀಪದಲ್ಲಿ ಡ್ರೋನ್ ಗುಡ್ಡಗಳ ಮೇಲೆ ಸುಮಾರು 40 ಕಿ.ಮೀ. ಹಾರಿ ಲಸಿಕೆ ತಲುಪಿಸಿತು. ಅಲ್ಲಿಗೆ ನಡೆದು, ದೋಣಿ ಹತ್ತಿ ಹೋಗಲು ಗಂಟೆಗಟ್ಟಲೆ ಬೇಕಿತ್ತು. ಡ್ರೋನ್‌ಗೆ 25 ನಿಮಿಷ ಸಾಕಾಯಿತು. ನನಗೆ ಅದರ ಮೇಲೆ ನಿಜವಾಗಿಯೂ ಆಸೆ ಇದೆ. ಆದರೆ ಅದು ಹಾರುವಷ್ಟು ದೂರ ಬೇರೆ, ನಮ್ಮ ದೂರ ಬೇರೆ, ಮೇಲಾಗಿ ದೋಣಿ ಹೊರಡದ ಗಾಳಿಯಲ್ಲಿ ಅದೂ ಹೊರಡುವುದಿಲ್ಲ.

ಇನ್ನು, ಪೆಟ್ಟಿಗೆಯಲ್ಲಿ ಹೋಗದ ಸಾಮಾನುಗಳಿವೆ. ರಕ್ತ. ಆಪರೇಷನ್ ಮಾಡುವ ಕೈ. ಮಗು ಅಡ್ಡ ಇದ್ದರೆ ನಮ್ಮ ಯಾವ ಪೊಟ್ಟಣದಿಂದಲೂ ಏನೂ ಆಗುವುದಿಲ್ಲ, ತಾಯಿಯನ್ನೇ ಕರೆತರಬೇಕು, ಅದೂ ದಿನ ತುಂಬುವ ಮೊದಲು. ಬ್ರೆಜಿಲ್‌ನ ಫೆರ್ನಾಂಡೊ ಡಿ ನೊರೊನ್ಯ ದ್ವೀಪದಲ್ಲಿ ಹೆರಿಗೆ ವಾರ್ಡನ್ನು 2004ರಲ್ಲಿ ಮುಚ್ಚಿದರು. ಅದು ದಡದಿಂದ ಸುಮಾರು 350 ಕಿ.ಮೀ. ಒಳಗೆ, ಮೂರು ಸಾವಿರದಷ್ಟು ಜನ. ಅಲ್ಲಿನ ಬಸುರಿಯರು ಏಳನೇ ತಿಂಗಳ ಹೊತ್ತಿಗೆ ಮುಖ್ಯಭೂಮಿಗೆ ಹೋಗಬೇಕು. ಆದರೂ 2018ರ ಮೇ ತಿಂಗಳಲ್ಲಿ ಒಂದು ಹೆಣ್ಣುಮಗು ದ್ವೀಪದಲ್ಲೇ ಹುಟ್ಟಿತು, ತಾಯಿಗೆ ತಾನು ಬಸುರಿ ಎಂದೇ ಗೊತ್ತಿರಲಿಲ್ಲವಂತೆ. 12 ವರ್ಷಗಳಲ್ಲಿ ಅದೇ ಮೊದಲ ಹೆರಿಗೆ. ಎಲ್ಲರನ್ನೂ ಮೊದಲೇ ಕರೆತರುತ್ತೇವೆ ಎಂದು ಎಷ್ಟೇ ಪ್ಲ್ಯಾನ್ ಮಾಡಿದರೂ ಇಂಥ ಒಂದು ಮಗು ಇದ್ದೇ ಇರುತ್ತದೆ. ಅದಕ್ಕೆ ಕಪಾಟು ಖಾಲಿ ಇರಬಾರದು. ಜೊತೆಗೆ, ಎರಡು ತಿಂಗಳು ಮನೆ ಬಿಟ್ಟು, ಇರುವ ಮಕ್ಕಳನ್ನು ಯಾರಿಗೋ ಒಪ್ಪಿಸಿ, ಗೊತ್ತಿಲ್ಲದ ಊರಿನಲ್ಲಿ ಒಬ್ಬಳೇ ಕಾಯುವುದು ಆ ಹೆಂಗಸಿಗೆ ಎಂಥ ಭಾರ ಎನ್ನುವುದನ್ನು ಕೂತು ಪ್ಲ್ಯಾನ್ ಮಾಡುವ ನಮ್ಮಂಥವರು ಮರೆಯಬಾರದು.

ಪೊಟ್ಟಣ ವಾಪಸ್ ಬಂತಾ? ಕೊಡಿ. ಮುಂದಿನ ದೋಣಿಗೆ ಈ ಶನಿವಾರ ಪ್ಯಾಕಿಂಗ್ ಇದೆ. ಈ ಸಲದ ಪಟ್ಟಿ ಬಂದಿದೆ. ಉಳಿದದ್ದರಲ್ಲಿ ಗ್ಲೌಸ್ ಸಾಕಷ್ಟಿದೆ. ಬೇಡವಾದದ್ದರಲ್ಲಿ ದೊಡ್ಡ ಸೈಜಿನ ಗ್ಲೌಸ್ ಎಂದು ಬರೆದಿದ್ದಾರೆ, ಅವರ ಕೈ ಚಿಕ್ಕದು, ಇಷ್ಟು ವರ್ಷ ನಾವು ಕೇಳಿರಲೇ ಇಲ್ಲ. ಇದನ್ನು ನೋಡಿ ಈ ಸಲ ಕಳಿಸಬೇಕಾದದ್ದು ಗೆರೆ ಇರುವ ಚೀಲ, ಕಾರ್ಬೆಟೋಸಿನ್, ಹಣೆ ದೀಪದ ಬ್ಯಾಟರಿ, ಟೋಪಿ. ಎರಡು ತಿಂಗಳಲ್ಲಿ ಐದು ಜನರಿಗೆ ದಿನ ತುಂಬುತ್ತದಂತೆ. ಬರುವವರು ಉಗುರು ಕತ್ತರಿಸಿಕೊಂಡು ಬನ್ನಿ, ಬಾಗಿಲಲ್ಲಿ ಸೋಪು ಇಟ್ಟಿರುತ್ತೇನೆ.